ಬಸ್ಸು ಖಾಲಿ ಹೋಗುವುದು ಯಾಕೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಜರಗಿದ ಸದಸ್ಯರ ಸಮಾವೇಶದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರೆಹ ರೂಪ)



ನಾನು ಭಾಷಣ ಮಾಡುವವನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹಟ್ಟಿಗೆ ಇಳಿದವನು. ದನದ ಬಗ್ಗೆ, ಹುಲ್ಲಿನ ಬಗ್ಗೆ ಮಾತಾಡಿ ಅಂದಿದ್ದರೆ ಸುಲಭ ಆಗುತ್ತಿತ್ತು. ಆದರೆ ನಮ್ಮ ಅಧ್ಯಕ್ಷರು, "ನೀವು ಪ್ರತಿ ಮೀಟಿಂಗಿನಲ್ಲಿ ಇತರ ವಿಷಯ ಅಂತ ಬಂದ ಕೂಡಲೇ ಬಸ್ಸಿನ ಕತೆ ಎತ್ತುತ್ತೀರಿ, ಅದನ್ನೇ ಒಮ್ಮೆ ಸರಿಯಾಗಿ ಹೇಳಿಬಿಡಿ ಮಾರಾಯ್ರೆ" ಅಂದರು. ಹಾಗೆ ಇಲ್ಲಿ ನಿಂತಿದ್ದೇನೆ.

ಹಾಲಿನ ಸಂಘದ ಬೆಳ್ಳಿಹಬ್ಬಕ್ಕೂ ಬಸ್ಸಿಗೂ ಎಂತ ಸಂಬಂಧ ಅಂತ ಕೇಳಬಹುದು. ಸಂಬಂಧ ಉಂಟು, ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಊರಿನ ಲೆಕ್ಕ ನೋಡುವ. ನಮ್ಮಲ್ಲಿಂದ ಮಂಗಳೂರು ಸ್ಟೇಟ್ ಬ್ಯಾಂಕಿಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ಅದರಲ್ಲಿ ಗುರುಪುರ ಕೈಕಂಬದವರೆಗೆ ನಾಲ್ಕು ಕಿಲೋಮೀಟರ್ ಒಳರಸ್ತೆ, ಅಲ್ಲಿಂದ ಮುಂದೆ ಹೈವೇ. ನಾನು ಹೈಸ್ಕೂಲಿಗೆ ಹೋಗುವಾಗ, ಅಂದರೆ 1990ರ ದಶಕದಲ್ಲಿ, ಈ ಒಳರಸ್ತೆಗೆ ದಿನಕ್ಕೆ ಎಂಟು ಟ್ರಿಪ್ ಬಸ್ಸು ಬರುತ್ತಿತ್ತು. ಈಗ ಮೂರು. ಸಂಜೆ 6.40ಕ್ಕೆ ಸ್ಟೇಟ್ ಬ್ಯಾಂಕಿನಿಂದ ಹೊರಡುತ್ತಿದ್ದ ಕೊನೆಯ ಟ್ರಿಪ್ ನಿಂತು ಒಂದೂವರೆ ವರ್ಷ ಆಯಿತು. ಮಧ್ಯಾಹ್ನದ ಟ್ರಿಪ್ಪೂ ನಿಲ್ಲುತ್ತದೆ ಅಂತ ಸುದ್ದಿ ಉಂಟು.

ಆ 6.40ರ ಬಸ್ಸಿನಲ್ಲಿ ಯಾರು ಬರುತ್ತಿದ್ದರು? ಹಂಪನಕಟ್ಟೆಯ ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗಿಯರು, ಕಾಲೇಜು ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗುವ ಮಕ್ಕಳು, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿಕೊಂಡು ವಾಪಾಸು ಬರುವವರು. ಈಗ ಆ ಹುಡುಗಿಯರು ಕೈಕಂಬದಲ್ಲಿ ಇಳಿದು ಮೂರು ನಾಲ್ಕು ಜನ ಸೇರಿ ರಿಕ್ಷಾ ಮಾಡುತ್ತಾರೆ. ಜನ ಸೇರದ ದಿನ ಒಬ್ಬಳೇ ಬಾಡಿಗೆ ಕೊಡಬೇಕು. ಇಬ್ಬರು ಕೆಲಸ ಬಿಟ್ಟಿದ್ದಾರೆ. ಅವರ ಮನೆಯವರು ಇಲ್ಲಿಯೇ ಕುಳಿತಿದ್ದಾರೆ, ಹೆಸರು ಬೇಡ.

ಟ್ರಿಪ್ ನಿಂತಾಗ ಊರಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, "ಟಿಕೇಟು ಜಾಸ್ತಿ ಮಾಡಿದ, ಜನ ಹತ್ತಲಿಲ್ಲ, ಬಸ್ಸು ನಿಲ್ಲಿಸಿದ." ನಾನು ಕೂಡಾ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. ಆಮೇಲೆ ಒಂದು ದಿನ ನನಗೇ ನನ್ನ ಮೇಲೆ ಸಂಶಯ ಬಂತು. ಟಿಕೇಟಿಗೆ ಎರಡು ರೂಪಾಯಿ ಏರಿದ ದಿನ ನಾನು ಬಸ್ಸು ಬಿಟ್ಟಿದ್ದೆನಾ? ಇಲ್ಲ. ಗೊಣಗಿಕೊಂಡು ಕೊಟ್ಟಿದ್ದೆ. ನಾನು ಬಸ್ಸು ಬಿಟ್ಟದ್ದು ಬೇರೆ ದಿನ.

ಅದು 2019ರ ಆಟಿ ತಿಂಗಳು. ಅಮ್ಮನನ್ನು ಕಣ್ಣಿನ ಪರೀಕ್ಷೆಗೆ ಮಂಗಳೂರಿಗೆ ಕರೆದುಕೊಂಡು ಹೋಗಿ ಸಂಜೆಯ ಬಸ್ಸಿಗೆ ಬಂದೆವು. ಕಣ್ಣಿಗೆ ಮದ್ದು ಬಿಟ್ಟದ್ದರಿಂದ ಅಮ್ಮನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕೈಕಂಬಕ್ಕೆ ಬಂದಾಗ ಕಂಡಕ್ಟರ್, "ಇಲ್ಲೇ ಇಳೀರಿ, ಒಳಗೆ ಹೋಗೂದಿಲ್ಲ, ಜನ ಇಲ್ಲ" ಅಂದ. ನಾವು ಒಂಬತ್ತು ಜನ ಇದ್ದೆವು. ಟಿಕೇಟು ಊರಿನವರೆಗೆ ಕೊಟ್ಟಿದ್ದ. ಉಳಿದ ದುಡ್ಡು ವಾಪಾಸು ಕೊಟ್ಟ, ಅದು ಹೌದು. ಆದರೆ ಆ ಮಳೆಗೆ ಅಮ್ಮನ ಕೈ ಹಿಡಿದು ಮುಕ್ಕಾಲು ಗಂಟೆ ರಿಕ್ಷಾಕ್ಕೆ ಕಾದದ್ದು ನನಗೆ ಮರೆಯುವುದಿಲ್ಲ. ಆ ವರ್ಷದ ದೀಪಾವಳಿಗೆ ನಾನು ಸ್ಕೂಟರು ತೆಗೆದೆ. ಮರುವರ್ಷ ಕೊರೋನಾ ಬಂತು, ಬಸ್ಸೇ ನಿಂತಿತು, ಸ್ಕೂಟರು ಇಲ್ಲದವರೂ ಸಾಲ ಮಾಡಿ ತೆಗೆದರು. ಒಮ್ಮೆ ಸ್ಕೂಟರು ಮನೆಗೆ ಬಂದ ಮೇಲೆ ಅದನ್ನು ಮಾಡಿನಡಿ ಇಟ್ಟು ಬಸ್ಸಿಗೆ ಕಾಯಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಹಾಗಾಗಿ 6.40ರ ಬಸ್ಸು ನಿಂತದ್ದರಲ್ಲಿ ನನ್ನ ಪಾಲೂ ಉಂಟು. ಇದನ್ನು ಸಭೆಯಲ್ಲಿ ಹೇಳಿಕೊಳ್ಳಬೇಕು ಅಂತ ಅನಿಸಿತು.

ಡಿಗ್ರಿ ಓದುವ ಮಗಳ ಹತ್ತಿರ ಈ ವಿಷಯ ಹೇಳಿದೆ. ದರ ಏರಿದರೆ ಎಷ್ಟು ಜನ ಬಸ್ಸು ಬಿಡುತ್ತಾರೆ ಎಂಬುದನ್ನು ಲೆಕ್ಕ ಹಾಕಿದವರು ಇದ್ದಾರೆ ಅಂತ ಅವಳು ಹುಡುಕಿ ಕೊಟ್ಟಳು. ಇಂಗ್ಲೆಂಡಿನಲ್ಲಿ 2004ರಲ್ಲಿ ಬಂದ ಒಂದು ದೊಡ್ಡ ವರದಿಯ ಪ್ರಕಾರ ಬಸ್ ದರ ನೂರಕ್ಕೆ ಹತ್ತು ಏರಿದರೆ ಕೂಡಲೇ ನೂರರಲ್ಲಿ ನಾಲ್ಕು ಜನ ಕಡಿಮೆಯಾಗುತ್ತಾರೆ. ಆದರೆ ಹತ್ತಾರು ವರ್ಷ ಬಿಟ್ಟು ನೋಡಿದರೆ ಹತ್ತು ಜನ ಕಡಿಮೆಯಾಗಿರುತ್ತಾರೆ.

ಇದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಬಸ್ಸಿನಲ್ಲಿ ನೂರು ಜನ, ಟಿಕೇಟು ಹತ್ತು ರೂಪಾಯಿ ಅಂತ ಇಟ್ಟುಕೊಳ್ಳುವ. ಕಲೆಕ್ಷನ್ ಸಾವಿರ ರೂಪಾಯಿ. ಮಾಲೀಕರು ಹನ್ನೊಂದು ರೂಪಾಯಿ ಮಾಡಿದರು. ನಾಲ್ಕು ಜನ ಬಿಟ್ಟರು. 96 ಜನ ಹನ್ನೊಂದರ ಹಾಗೆ ಕೊಟ್ಟರೆ 1056 ರೂಪಾಯಿ. ಮಾಲೀಕರಿಗೆ ಖುಷಿ, 56 ರೂಪಾಯಿ ಹೆಚ್ಚಾಯಿತಲ್ಲ! ಆದರೆ ಕೆಲವು ವರ್ಷ ಕಳೆದು ಹತ್ತು ಜನ ಬಿಟ್ಟಾಗ 90 ಜನರಿಂದ 990 ರೂಪಾಯಿ. ಮೊದಲಿಗಿಂತ ಹತ್ತು ರೂಪಾಯಿ ಕಡಿಮೆ, ಜನವೂ ಕಡಿಮೆ. ಆ ಆರು ಜನ ಕೂಡಲೇ ಯಾಕೆ ಬಿಡಲಿಲ್ಲ ಅಂದರೆ ಅವರಿಗೆ ಆವತ್ತು ಬೇರೆ ದಾರಿ ಇರಲಿಲ್ಲ. ಮಗನಿಗೆ ಕೆಲಸ ಸಿಕ್ಕಿ ಬೈಕು ಬರುವವರೆಗೆ, ಸಾಲ ತೀರುವವರೆಗೆ ಕಾದರು, ಮತ್ತೆ ಬಿಟ್ಟರು. ಇಂಗ್ಲೆಂಡಿನ ಅಂಕಿ ನಮ್ಮ ಊರಿಗೆ ಹಾಗೇ ಕೂಡಿ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಅಲ್ಲಿ ಕಾರು ಇದ್ದವರು, ಇಲ್ಲಿ ಕಾಲು ಮಾತ್ರ ಇದ್ದವರು. ಆದರೆ ನಮ್ಮ ಒಳರಸ್ತೆಯಲ್ಲಿ ಜನ ಬಿಟ್ಟದ್ದು ಹೀಗೇ, ಒಬ್ಬೊಬ್ಬರಾಗಿ, ಸದ್ದಿಲ್ಲದೆ.

ಇನ್ನೊಂದು ವಿಷಯ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿತು. ಬಸ್ಸಿನೊಳಗೆ ಕುಳಿತು ಹೋಗುವ ಒಂದು ನಿಮಿಷಕ್ಕಿಂತ ಸ್ಟಾಪಿನಲ್ಲಿ ಕಾಯುವ ಒಂದು ನಿಮಿಷ ಮನುಷ್ಯನಿಗೆ ಸುಮಾರು ಎರಡು ಪಟ್ಟು ಭಾರ ಅಂತ ಈ ವಿಷಯ ತಿಳಿದವರು ಲೆಕ್ಕ ಹಾಕುತ್ತಾರಂತೆ. ಇದಕ್ಕೆ ವರದಿ ಬೇಕಾ? ಬಿಸಿಲಿನಲ್ಲಿ ಬಸಳೆ ಕಟ್ಟು ಕಾಲಬುಡದಲ್ಲಿ ಇಟ್ಟು, ಅದು ಬಾಡುವುದನ್ನು ನೋಡಿಕೊಂಡು ನಿಂತವರಿಗೆ ಗೊತ್ತುಂಟು. ಬಸ್ಸು ಇಷ್ಟು ಗಂಟೆಗೆ ಬಂದೇ ಬರುತ್ತದೆ ಅಂತ ಇದ್ದರೆ ಮನೆಯಲ್ಲಿ ಇನ್ನೊಂದು ಕೆಲಸ ಮುಗಿಸಿ ಹೊರಡಬಹುದು. ಬಂದರೂ ಬಂತು, ಇಲ್ಲದಿದ್ದರೂ ಇಲ್ಲ ಅಂತಾದರೆ ಅರ್ಧ ಗಂಟೆ ಮೊದಲೇ ಬಂದು ನಿಲ್ಲಬೇಕು.

ನಮ್ಮ ಜಿಲ್ಲೆಯ ಬಸ್ಸಿನ ಚರಿತ್ರೆಯನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾಗುವುದಿಲ್ಲ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಹಿರಿಯರು ಸಿ.ಪಿ.ಸಿ. ಅನ್ನುತ್ತಿದ್ದದ್ದು, 1914ರಲ್ಲಿಯೇ ಪ್ರಾರಂಭವಾಯಿತು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1948ರ ಸೆಪ್ಟೆಂಬರಿನಲ್ಲಿ. ಆಗ ನಾವು ಮದರಾಸಿಗೆ ಸೇರಿದವರು, 1956ರವರೆಗೂ ಅಲ್ಲೇ. ಹಾಗಾಗಿ ಘಟ್ಟದ ಮೇಲೆ ಸರ್ಕಾರಿ ಬಸ್ಸು ಬೆಳೆದ ಹಾಗೆ ಇಲ್ಲಿ ಬೆಳೆಯಲಿಲ್ಲ. ನಮಗೆ ಬಸ್ಸು ಅಂದರೆ ಖಾಸಗಿ ಬಸ್ಸು. ಮತ್ತು ಹೇಳಲೇಬೇಕು, ಒಳ್ಳೆಯ ಸರ್ವಿಸ್ ಕೊಟ್ಟಿದ್ದಾರೆ. ತೆಂಗಿನಕಾಯಿ ಗೋಣಿ, ಹಿಂಡಿ ಮೂಟೆ, ಮದುವೆಯ ಪಾತ್ರೆ, ಎಲ್ಲ ಟಾಪಿನ ಮೇಲೆ ಹೋಗುತ್ತಿತ್ತು. ಅಜ್ಜಿ ಓಡಿ ಬರುವುದು ಕಂಡರೆ ಡ್ರೈವರ್ ನಿಲ್ಲಿಸುತ್ತಿದ್ದ. ಮಂಗಳೂರಿನಿಂದ ಮದ್ದಿನ ಚೀಟಿ ಕೊಟ್ಟು ಕಳಿಸಿದರೆ ಕಂಡಕ್ಟರೇ ಮದ್ದು ತಂದು ಕೊಡುತ್ತಿದ್ದ ಕಾಲ ನಮಗೆ ಗೊತ್ತು. ಅದಕ್ಕೆ ಟಿಕೇಟಿನಲ್ಲಿ ಬೆಲೆ ಬರೆದಿರಲಿಲ್ಲ, ಆದರೆ ಜನ ಅದಕ್ಕಾಗಿಯೇ ಆ ಬಸ್ಸಿಗೆ ಕಾಯುತ್ತಿದ್ದರು. ಟೈಮಿಂಗಿಗಾಗಿ ಜಗಳ, ಓವರ್‌ಟೇಕ್, ಕರ್ಕಶ ಹಾರ್ನ್, ಅದೂ ಇತ್ತು, ಈಗಲೂ ಉಂಟು. ಕಲೆಕ್ಷನ್ ನೋಡಿ ದುಡ್ಡು ಸಿಗುವ ಕಡೆ ಓಟ ಇರುವುದೇ. ಹೈವೇಯಲ್ಲಿ ಆ ಓಟದಿಂದ ಜನರಿಗೆ ಬೇಗ ಬೇಗ ಬಸ್ಸು ಸಿಗುತ್ತದೆ. ಒಳರಸ್ತೆಯಲ್ಲಿ ಓಡುವವನೇ ಇಲ್ಲ.

ಈಗ ಕೈಕಂಬದ ಕತೆಗೆ ಬರುತ್ತೇನೆ. ಇದು ನೀವೆಲ್ಲ ಕಣ್ಣಾರೆ ಕಂಡದ್ದು.

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟು ದುಡ್ಡಿಲ್ಲ. ಬಸ್ಸುಗಳು ಎಷ್ಟು ತುಂಬಿದವು ಎಂಬುದನ್ನು ಎಲ್ಲರೂ ನೋಡಿದ್ದೇವೆ. 2025ರ ಜುಲೈ 14ಕ್ಕೆ 500 ಕೋಟಿ ಉಚಿತ ಪ್ರಯಾಣ ಆಯಿತು ಅಂತ ಮುಖ್ಯಮಂತ್ರಿಗಳೇ ಟಿಕೇಟು ಕೊಟ್ಟು ಹೇಳಿದರು. ಬೆಲೆ ಸೊನ್ನೆಯಾದರೆ ಜನ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮನೆಯಿಂದ ಹೊರಗೆ ಕಾಲಿಡಲು ಗಂಡನ ಹತ್ತಿರ ದುಡ್ಡು ಕೇಳಬೇಕಾಗಿದ್ದ ಹೆಂಗಸರು ಹೊರಟರು. ಆದರೆ ನಮ್ಮ ಈ ದಾರಿಯ ಹೆಂಗಸರಿಗೆ ಅದು ಪೇಪರಿನಲ್ಲಿ ಓದುವ ಸುದ್ದಿ ಮಾತ್ರ ಆಗಿತ್ತು. ಸರ್ಕಾರಿ ಬಸ್ಸೇ ಇಲ್ಲದಿದ್ದರೆ ಉಚಿತ ಆದರೆಂತ, ಆಗದಿದ್ದರೆಂತ? 2024ರ ಡಿಸೆಂಬರಿನಲ್ಲಿ ಮಂಗಳೂರು–ಮೂಡುಬಿದಿರೆ–ಕಾರ್ಕಳ ದಾರಿಗೆ ಕೆ.ಎಸ್.ಆರ್.ಟಿ.ಸಿ. ಬಸ್ಸು ಬಂದ ಮೇಲೆ ಕೈಕಂಬದಲ್ಲಿ ನಿಲ್ಲುವವರಿಗೆ ಅದು ನಿಜವಾಯಿತು. ಮುಂದಿನ ತಿಂಗಳೇ, 2025ರ ಜನವರಿ 5ರಿಂದ, ಸರ್ಕಾರಿ ಬಸ್ಸಿನ ದರ ನೂರಕ್ಕೆ 15 ಏರಿತು, ಅದು ಗಂಡಸರಿಗೆ.

ನಾನು ಹಿಂಡಿ ತರಲು, ಬ್ಯಾಂಕಿಗೆ ಅಂತ ಕೈಕಂಬಕ್ಕೆ ಹೋದಾಗೆಲ್ಲ ಬಸ್ ಸ್ಟಾಪಿನ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ನೋಡಿದ್ದೇನೆ. ಮಂಗಳೂರಿಗೆ ಸಾಮಾನು ತರಲು ಹೋಗುವ ಹೆಂಗಸರು ಖಾಸಗಿ ಬಸ್ಸು ಒಂದು, ಎರಡು, ಮೂರು ಬಿಟ್ಟು ಸರ್ಕಾರಿ ಬಸ್ಸಿಗೆ ಕಾಯುತ್ತಾರೆ. ಅವರಿಗೆ ಹೊತ್ತು ಉಂಟು, ದುಡ್ಡು ಇಲ್ಲ. ಅದೇ ಸ್ಟಾಪಿನಲ್ಲಿ ನಮ್ಮ ಊರಿನ ಒಬ್ಬರು ಅಕ್ಕ, ಬಸಳೆ ಅಲಸಂಡೆ ಮಾರಲು ಹೋಗುವವರು, ಮೊದಲು ಬಂದ ಖಾಸಗಿ ಬಸ್ಸಿಗೆ ಹತ್ತಿ ಹೋಗುತ್ತಾರೆ. ಒಮ್ಮೆ ಕೇಳಿದೆ, "ಎಂತ ಅಕ್ಕ, ನಿಮಗೆ ಫ್ರೀ ಬಸ್ಸು ಬೇಡವಾ?" ಅಂತ. ಅವರು ಹೇಳಿದರು, "ಏಳು ಗಂಟೆಗೆ ಮುಟ್ಟಿದರೆ ಕಟ್ಟಿಗೆ ಮೂವತ್ತು ಸಿಗ್ತದೆ, ಎಂಟೂವರೆಗೆ ಮುಟ್ಟಿದರೆ ಇಪ್ಪತ್ತು. ಇಪ್ಪತ್ತು ಕಟ್ಟು ಉಂಟು. ನೀವೇ ಲೆಕ್ಕ ಹಾಕಿ."

ನಾನು ಲೆಕ್ಕ ಹಾಕಿದೆ. ಇನ್ನೂರು ರೂಪಾಯಿ. ಅವರು ಹೋಗುವಾಗ ಟಿಕೇಟು ಕೊಟ್ಟು ಹೋಗುತ್ತಾರೆ, ಬರುವಾಗ ಬುಟ್ಟಿ ಖಾಲಿ, ಅವಸರ ಇಲ್ಲ, ಸರ್ಕಾರಿ ಬಸ್ಸಿನಲ್ಲಿ ಬರುತ್ತಾರೆ. ಒಬ್ಬರೇ ಮನುಷ್ಯರು, ಒಂದೇ ದಿನ, ಎರಡು ಲೆಕ್ಕ! ಟಿಕೇಟಿನ ಬೆಲೆ ಮುಖ್ಯವಾ, ಸರ್ವಿಸ್ ಮುಖ್ಯವಾ ಅಂತ ಚರ್ಚೆ ಮಾಡುವವರು ಆ ಅಕ್ಕನ ಹತ್ತಿರ ಒಂದು ದಿನ ಕುಳಿತುಕೊಳ್ಳಬೇಕು.

ಬೆಂಗಳೂರಿನಲ್ಲಿ 2025ರಲ್ಲಿ ಆದದ್ದನ್ನೂ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿನ ಮಕ್ಕಳು ತುಂಬಾ ಜನ ಅಲ್ಲಿದ್ದಾರೆ. ಫೆಬ್ರವರಿ 9ರಂದು ಮೆಟ್ರೋ ದರ ಏರಿಸಿದರು. ಹೆಚ್ಚೆಂದರೆ 60 ರೂಪಾಯಿ ಇದ್ದದ್ದು 90 ಆಯಿತು, ಕೆಲವು ಕಡೆಗೆ ಹತ್ತಿರ ಹತ್ತಿರ ಎರಡು ಪಟ್ಟು. ಗಲಾಟೆ ಆಗಿ ಕೆಲವು ದಿನದಲ್ಲಿ ಸ್ವಲ್ಪ ಇಳಿಸಬೇಕಾಯಿತು. ಜನ ಕಡಿಮೆಯಾದರು, ಬೈಕು ಹತ್ತಿದರು, ಬಸ್ಸು ಹತ್ತಿದರು. ಆದರೆ ಆಗಸ್ಟ್ 10ಕ್ಕೆ ಬೊಮ್ಮಸಂದ್ರದ ಕಡೆಗೆ ಹಳದಿ ಮಾರ್ಗ ತೆರೆದ ಮರುದಿನವೇ ಒಟ್ಟು ಪ್ರಯಾಣಿಕರು ಹತ್ತು ಲಕ್ಷ ದಾಟಿದರು. ದರ ಹಳೆಯದಕ್ಕೆ ಇಳಿದಿರಲಿಲ್ಲ. ಜನರಿಗೆ ಬೇಕಾದ ಕಡೆಗೆ ದಾರಿ ಆಯಿತು, ಅಷ್ಟೇ.

ಅದು ಕೋಟಿಗಟ್ಟಲೆ ದುಡ್ಡಿನ ಮೆಟ್ರೋ. ನಮ್ಮದು 6.40ರ ಒಂದು ಬಸ್ಸು. ಆ ಬಸ್ಸಿನ ಮಾಲೀಕರನ್ನು ನಾನು ಮತ್ತು ಇನ್ನೊಬ್ಬರು ನಿರ್ದೇಶಕರು ಹೋಗಿ ಮಾತಾಡಿಸಿದೆವು. ಅವರ ಹೆಸರು ಇಲ್ಲಿ ಬೇಡ. ಅವರು ಕಲೆಕ್ಷನ್ ಪುಸ್ತಕ ತೆಗೆದು ತೋರಿಸಿದರು. ಕೊನೆಯ ತಿಂಗಳುಗಳಲ್ಲಿ ಕೈಕಂಬದಿಂದ ಒಳಗೆ ಬರುವವರು ಹನ್ನೊಂದು, ಹನ್ನೆರಡು, ಒಂದು ದಿನ ಆರು. ಅದರಲ್ಲಿ ಅರ್ಧ ವಿದ್ಯಾರ್ಥಿ ರಿಯಾಯಿತಿ. "ಡೀಸೆಲಿಗೆ ಹುಟ್ಟುವುದಿಲ್ಲ, ರಾತ್ರಿ ಖಾಲಿ ಬಸ್ಸು ವಾಪಾಸು ತರಬೇಕು, ನಾನೆಂತ ಧರ್ಮಛತ್ರ ನಡೆಸುವುದಾ?" ಅಂದರು. ನಾನು ಹೇಳಿದೆ, "ಮಳೆ ಬಂದರೆ ಕಟ್, ಆದಿತ್ಯವಾರ ಕಟ್, ಜನ ಒಂಬತ್ತಾದರೆ ಕೈಕಂಬದಲ್ಲೇ ಕಟ್. ಜನ ಹೇಗೆ ನಂಬುವುದು?" ಅವರು, "ಜನ ಇಲ್ಲದ್ದಕ್ಕೆ ಕಟ್ ಮಾಡಿದ್ದು" ಅಂದರು. ನಾನು, "ಕಟ್ ಮಾಡಿದ್ದಕ್ಕೆ ಜನ ಇಲ್ಲ" ಅಂದೆ. ಹೀಗೆ ಅರ್ಧ ಗಂಟೆ ಆಯಿತು. ಕೊನೆಗೆ ಅವರ ಮನೆಯವರು ಚಾ ತಂದು ಕೊಟ್ಟರು. ಇಬ್ಬರೂ ಹೇಳಿದ್ದು ಸರಿಯೇ ಅಂತ ದಾರಿಯಲ್ಲಿ ಬರುವಾಗ ನನಗೆ ಕಂಡಿತು. ಒಂದು ಟ್ರಿಪ್ ಹೋದರೆ ಕಾಯುವ ಹೊತ್ತು ಹೆಚ್ಚಾಗುತ್ತದೆ, ಅದರಿಂದ ಇನ್ನಷ್ಟು ಜನ ಹೋಗುತ್ತಾರೆ, ಅದರಿಂದ ಇನ್ನೊಂದು ಟ್ರಿಪ್ ಹೋಗುತ್ತದೆ. ಎಂಟು ಮೂರಾದದ್ದು ಹೀಗೆ.

ಸಂಘಕ್ಕೂ ಇದಕ್ಕೂ ಸಂಬಂಧ ಹೇಳುತ್ತೇನೆ ಅಂದಿದ್ದೆ. ಹಳೆಯ ಸದಸ್ಯರಿಗೆ ನೆನಪಿರಬಹುದು, ಸಂಘ ಶುರುವಾದ ಮೂರನೇ ವರ್ಷ ಒಂದು ಮಳೆಗಾಲದಲ್ಲಿ ಹಾಲಿನ ವಾಹನ ಮೇಲಿಂದ ಮೇಲೆ ತಡವಾಗಿ ಬಂದು ಹಾಲು ಒಡೆದು ಹೋಯಿತು. ಆಗ ನಮ್ಮ ದರ ಹೋಟೆಲಿಗೆ ಹಾಲು ಒಯ್ಯುವ ವ್ಯಾಪಾರಿಗಿಂತ ಹೆಚ್ಚೇ ಇತ್ತು. ಆದರೂ ಹದಿನಾಲ್ಕು ಮನೆಯವರು ನಮಗೆ ಹಾಲು ಹಾಕುವುದು ಬಿಟ್ಟು ವ್ಯಾಪಾರಿಗೆ ಕೊಟ್ಟರು. ಅವನು ಒಂದು ರೂಪಾಯಿ ಕಡಿಮೆ ಕೊಟ್ಟರೂ ಬೆಳಿಗ್ಗೆ ಆರಕ್ಕೆ ಅಂದರೆ ಆರಕ್ಕೆ ಬರುತ್ತಿದ್ದ. ಆ ಹದಿನಾಲ್ಕು ಮನೆಯನ್ನು ವಾಪಾಸು ತರಲು ನಮ್ಮ ಮೊದಲ ಅಧ್ಯಕ್ಷರಿಗೆ ಎರಡು ವರ್ಷ ಬೇಕಾಯಿತು. ದರ ಏರಿಸಿ ತಂದದ್ದಲ್ಲ. ವಾಹನದ ಹೊತ್ತು ಸರಿ ಮಾಡಿದರು, ಹಾಲಿನ ಪರೀಕ್ಷೆಯನ್ನು ಸದಸ್ಯರ ಎದುರೇ ಮಾಡಿಸಿದರು, ಬಟವಾಡೆ ಒಂದು ದಿನ ಕೂಡಾ ತಪ್ಪದ ಹಾಗೆ ನೋಡಿದರು. ಇಷ್ಟಾದರೂ ಅದರಲ್ಲಿ ಮೂರು ಮನೆ ಈವತ್ತಿಗೂ ಬಂದಿಲ್ಲ. ದನವನ್ನೇ ಮಾರಿದರು.

ಹಾಗಾಗಿ ನಾವು ಆಡಳಿತ ಮಂಡಳಿಯಲ್ಲಿ ಮಾತಾಡಿಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಸಂಘದ ದುಡ್ಡು ಬಸ್ಸಿಗೆ ಕೊಡುವ ಪ್ರಶ್ನೆ ಇಲ್ಲ, ಬೈಲಾದಲ್ಲಿ ಅವಕಾಶ ಇಲ್ಲ, ಇದ್ದರೂ ನಾನು ಒಪ್ಪುವುದಿಲ್ಲ. ಈ ಮೊದಲು ಎರಡು ಸಲ ಮನವಿ ಕೊಟ್ಟಿದ್ದೆವು. "ನಮ್ಮೂರಿಗೆ ಬಸ್ಸು ಬೇಕು" ಅಂತ ಬರೆದು ಎಲ್ಲರೂ ರುಜು ಹಾಕಿದ್ದೆವು. ರುಜು ಹಾಕಿದವರಲ್ಲಿ ಎಷ್ಟು ಜನ ಬಸ್ಸು ಹತ್ತುತ್ತಾರೆ ಅಂತ ಕೇಳಿದ್ದರೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನನ್ನ ರುಜುವೂ ಇತ್ತು, ನಾನು ಮನವಿ ಕೊಡಲು ಹೋದದ್ದು ಸ್ಕೂಟರಿನಲ್ಲಿ.

ಈ ಸಲ ಲೆಕ್ಕ ಇಟ್ಟು ಕೇಳುವ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಇಷ್ಟು ಬರೆದರೆ ಸಾಕು. ದಿನಕ್ಕೆ 25 ಟಿಕೇಟು ಒಳಗಿನವರೆಗೆ ಆದರೆ ಮೂರು ತಿಂಗಳು ಓಡಿಸಿ ನೋಡುತ್ತೇನೆ ಅಂತ ಆ ಮಾಲೀಕರು ಬಾಯಿಮಾತಿನಲ್ಲಿ ಹೇಳಿದ್ದಾರೆ. ನಾವು ಅವರಿಗೆ ಹೇಳಿದ್ದು ಎರಡೇ. ಕೈಕಂಬದಲ್ಲಿ ಇಳಿಸಬಾರದು. ಬಸ್ಸು ಕೆಟ್ಟರೆ ಆರು ಗಂಟೆಯೊಳಗೆ ಸೊಸೈಟಿಗೆ ಫೋನು ಮಾಡಬೇಕು, ನಾವು ಬೋರ್ಡಿನಲ್ಲಿ ಬರೆಯುತ್ತೇವೆ, ವಾಟ್ಸಾಪಿನಲ್ಲಿ ಹಾಕುತ್ತೇವೆ. ಅವರು ಒಪ್ಪದಿದ್ದರೆ ಅದೇ ಲೆಕ್ಕ ಹಿಡಿದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ, ಅಂದರೆ ಜಿಲ್ಲಾಧಿಕಾರಿಗಳ ಹತ್ತಿರ ಹೋಗುವುದು, ಕೆ.ಎಸ್.ಆರ್.ಟಿ.ಸಿ.ಯವರಿಗೂ ಒಂದು ಪ್ರತಿ ಕೊಡುವುದು. ಸರ್ಕಾರಿ ಬಸ್ಸು ಒಳಗೆ ಬಂದರೆ ನಮ್ಮ ಹೆಂಗಸರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ, ಆದರೆ ಅದೂ ಹೊತ್ತಿಗೆ ಸರಿಯಾಗಿ ಬರಬೇಕು.

25 ಟಿಕೇಟು ಆಗಬೇಕಾದರೆ ಸ್ಕೂಟರು ಇದ್ದವರೂ ಹತ್ತಬೇಕಾಗುತ್ತದೆ. ದಿನಾ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಯಾರೂ ಕೇಳುವುದಿಲ್ಲ. ನನ್ನ ಸ್ಕೂಟರಿಗೆ ಮಂಗಳೂರಿಗೆ ಹೋಗಿ ಬರಲು ಒಂದು ಲೀಟರಿನ ಹತ್ತಿರ ಪೆಟ್ರೋಲು ಬೇಕು, ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಒಬ್ಬನೇ ಹೋಗುವ ದಿನ ಬಸ್ಸೇ ಕಡಿಮೆ. ಹೆಂಡತಿ ಜೊತೆಗೆ ಬಂದರೆ ಸ್ಕೂಟರು ಕಡಿಮೆ. ಹಾಗಾಗಿ ಒಬ್ಬನೇ ಹೋಗುವ ಮಂಗಳವಾರ ಮತ್ತು ಶುಕ್ರವಾರ ನನ್ನ ಹೆಸರು ಬರೆದಿದ್ದೇನೆ. ನಂತೂರಿನ ಬ್ಲಾಕಿನಲ್ಲಿ ಬಿಸಿಲಿಗೆ ನಿಲ್ಲುವುದೂ ತಪ್ಪುತ್ತದೆ.

ಪುಸ್ತಕ ಸೋಮವಾರ ಬೆಳಿಗ್ಗೆಯಿಂದ ಹಾಲು ಅಳೆಯುವ ಮೇಜಿನ ಹತ್ತಿರ ಇರುತ್ತದೆ, ಒಂದು ತಿಂಗಳು. ಹಾಲು ಹಾಕದವರೂ ಬಂದು ಬರೆಯಬಹುದು, ಸದಸ್ಯರೇ ಆಗಬೇಕು ಅಂತ ಇಲ್ಲ. ಬರೆಯಲು ಬಾರದ ಹಿರಿಯರು ನಮ್ಮ ಸಿಬ್ಬಂದಿಯವರಿಗೆ ಹೇಳಿದರೆ ಅವರು ಬರೆದುಕೊಳ್ಳುತ್ತಾರೆ. ಬಟ್ಟೆ ಅಂಗಡಿಗೆ ಹೋಗುವ ಹುಡುಗಿಯರು ಮೊದಲ ಪುಟದಲ್ಲಿ ಬರೆಯಬೇಕೆಂದು ನನ್ನ ಆಸೆ. ಪೆನ್ನನ್ನು ದಾರ ಹಾಕಿ ಮೇಜಿಗೆ ಕಟ್ಟಿದ್ದೇವೆ, ಯಾಕೆ ಅಂತ ನಿಮಗೆಲ್ಲ ಗೊತ್ತುಂಟು.

ಊಟ ತಯಾರಾಗಿದೆ ಅಂತ ಅಡುಗೆಯವರು ಆಗಲೇ ಕೈ ಮಾಡಿದರು.